ಏರಿನಲ್ಲಿ ಒಬ್ಬೊಬ್ಬರೇ

ನಂದಿಬೆಟ್ಟ ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಸೇರಿದ್ದಲ್ಲ. ಅದು ಚಿಕ್ಕಬಳ್ಳಾಪುರದ್ದು, 2007ಕ್ಕೆ ಮುಂಚೆ ಕೋಲಾರದ್ದು. ಆದರೆ ಬೆಂಗಳೂರಿನಿಂದ ಸೈಕಲ್ ತುಳಿದುಕೊಂಡು ಅಲ್ಲಿಗೆ ಹೋಗುವವರು ಯಲಹಂಕ ದಾಟಿದ ಮೇಲೆ ಬೆಟ್ಟದ ಬುಡ ಮುಟ್ಟುವ ತನಕ ಸವೆಸುವ ದಾರಿ ಹೆಚ್ಚುಕಡಿಮೆ ದೇವನಹಳ್ಳಿ ಇಲ್ಲವೇ ದೊಡ್ಡಬಳ್ಳಾಪುರ ತಾಲ್ಲೂಕಿನದು. ಬೆವರು ಒಂದು ಜಿಲ್ಲೆಯಲ್ಲಿ, ಫೋಟೊ ಇನ್ನೊಂದರಲ್ಲಿ. ಬೆವರಿನ ಜಿಲ್ಲೆಗೆ ಬೆಂಗಳೂರು ಉತ್ತರ ಎಂದು ಹೊಸ ಹೆಸರಿಡಬೇಕೆಂಬ ತೀರ್ಮಾನವೂ 2025ರ ಜುಲೈಯಲ್ಲಿ ಫೋಟೊದ ಜಿಲ್ಲೆಯಲ್ಲೇ, ನಂದಿಬೆಟ್ಟದ ಮೇಲೆ ಕೂತ ಸಚಿವ ಸಂಪುಟದಿಂದ ಹೊರಬಿತ್ತು. ಹೆಸರು ಏನೇ ಆಗಲಿ, ಭಾನುವಾರ ಬೆಳಗಿನ ಐದೂವರೆಗೆ ಹೆಬ್ಬಾಳದ ಬಳಿ ನಿಂತು ನೋಡಿದರೆ ಹೆಲ್ಮೆಟ್ಟು, ಮಿಣುಕು ದೀಪ, ಬಿಗಿ ಚಡ್ಡಿಯ ಗುಂಪುಗಳು ಉತ್ತರಕ್ಕೆ ಮುಖ ಮಾಡಿ ಹೊರಡುವುದು ಕಾಣುತ್ತದೆ. ಈ ಅಂಕಣ ಆ ಗುಂಪುಗಳ ಬಗ್ಗೆ. ಬೆಟ್ಟದ ಬಗ್ಗೆ ಬರೆದವರು ಬೇಕಾದಷ್ಟು ಮಂದಿ ಇದ್ದಾರೆ.

ಸೈಕಲ್ ಒಬ್ಬರೇ ತುಳಿಯುವ ವಾಹನ. ಹಾಗಿದ್ದ ಮೇಲೆ ಗುಂಪು ಯಾಕೆ ಬೇಕು? ಜತೆಗೆ ಹರಟೆಗೆ ಜನ ಸಿಗುತ್ತಾರೆ, ಪಂಕ್ಚರ್ ಆದರೆ ಪಂಪು ಸಿಗುತ್ತದೆ, ಅಲಾರಂ ಹೊಡೆದಾಗ ಏಳದಿದ್ದರೆ ನಾಲ್ಕು ಜನರ ಮುಂದೆ ಮಾನ ಹೋಗುತ್ತದೆ ಎಂಬ ಹೆದರಿಕೆಯಿಂದಲಾದರೂ ಎದ್ದು ಹೊರಡುತ್ತೇವೆ. ಇವೆಲ್ಲ ನಿಜ. ಆದರೆ ಇವುಗಳಿಗೂ ಮುಂಚಿನ ಕಾರಣ ಗಾಳಿ.

ಸಮತಟ್ಟು ರಸ್ತೆಯಲ್ಲಿ ಸೈಕಲ್ ಸವಾರನಿಗೆ ಭಾರ ದೊಡ್ಡ ತೊಂದರೆಯಲ್ಲ, ಗಾಳಿ ದೊಡ್ಡ ತೊಂದರೆ. ವೇಗ ಎರಡು ಪಟ್ಟಾದರೆ ಗಾಳಿಯನ್ನು ಸೀಳಿಕೊಂಡು ಹೋಗಲು ಬೇಕಾದ ಶಕ್ತಿ ಎಂಟು ಪಟ್ಟಾಗುತ್ತದೆ. ಗಂಟೆಗೆ 15 ಕಿ.ಮೀ. ವೇಗದಲ್ಲಿ ಹೋಗುವಾಗ ಗಾಳಿ ಇದೆ ಎಂಬುದೇ ಮರೆತಿರುತ್ತದೆ. 30 ಮುಟ್ಟಿದರೆ ಕಾಲು ದುಡಿದದ್ದರಲ್ಲಿ ಮುಕ್ಕಾಲು ಪಾಲು ಗಾಳಿಗೇ ಹೋಗುತ್ತದೆ. ಮುಂದೆ ಒಬ್ಬರು ಗಾಳಿ ಒಡೆಯುತ್ತ ಹೋದರೆ ಅವರ ಬೆನ್ನ ಹಿಂದೆ ಸಿಗುವ ಮರೆಯಲ್ಲಿ ತುಳಿಯುವವರ ಶ್ರಮ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಇಳಿಯುತ್ತದೆ. ಯಲಹಂಕದಿಂದ ದೇವನಹಳ್ಳಿ ಕಡೆಗೆ ಬಯಲು ಬಯಲಾಗಿರುವ ನೆಲದಲ್ಲಿ ಎದುರುಗಾಳಿ ಬೀಸುವ ದಿನ ಈ ಲೆಕ್ಕ ಪುಸ್ತಕದಲ್ಲಿ ಉಳಿಯುವುದಿಲ್ಲ, ತೊಡೆಗೆ ಗೊತ್ತಾಗುತ್ತದೆ. ಅದಕ್ಕೇ ಗಟ್ಟಿ ಕಾಲಿನವರು ಸರದಿಯ ಮೇಲೆ ಮುಂದೆ ಬರುತ್ತಾರೆ. ಐದು ಹತ್ತು ನಿಮಿಷ ಎಳೆದು ಪಕ್ಕಕ್ಕೆ ಸರಿದು ಬಾಲಕ್ಕೆ ಸೇರುತ್ತಾರೆ. ಹೊಸಬರನ್ನು ಮುಂದೆ ಬಿಡುವುದಿಲ್ಲ. ಬಿಟ್ಟರೆ ಹುಮ್ಮಸ್ಸಿನಲ್ಲಿ ಹೊರಟು ಮೂರನೇ ಕಿಲೋಮೀಟರಿಗೇ ದಮ್ಮು ಕಳೆದುಕೊಳ್ಳುತ್ತಾರೆ.

ಈ ಮರೆ ಪುಕ್ಕಟೆ ಸಿಗುವುದಿಲ್ಲ. ಮುಂದಿನವರ ಹಿಂಬದಿ ಗಾಲಿಗೂ ನಮ್ಮ ಮುಂಬದಿ ಗಾಲಿಗೂ ಒಂದು ಗಾಲಿಯಷ್ಟೇ ಅಂತರ ಇರುವಾಗ ಮುಂದಿನ ರಸ್ತೆ ನಮಗೆ ಕಾಣುವುದೇ ಇಲ್ಲ. ಕಾಣುವುದು ಒಂದು ಬೆನ್ನು ಮಾತ್ರ. ಆ ಬೆನ್ನು ಬ್ರೇಕ್ ಹಿಡಿದರೆ, ಗುಂಡಿ ತಪ್ಪಿಸಲು ಥಟ್ಟನೆ ಪಕ್ಕಕ್ಕೆ ವಾಲಿದರೆ, ಗಾಲಿಗೆ ಗಾಲಿ ತಾಗುತ್ತದೆ. ತಾಗಿದಾಗ ಬೀಳುವವರು ಹಿಂದಿನವರು. ಆದ್ದರಿಂದ ಮುಂದಿರುವವರಿಗೆ ಬಾಯಿ ಇರಬೇಕು, ಕೈ ಆಡಬೇಕು. ‘ಗುಂಡಿ!’, ‘ಹಂಪ್!’, ‘ಜಲ್ಲಿ!’, ‘ನಾಯಿ!’ ಎಂಬ ಕೂಗು ಮುಂದಿನಿಂದ ಹಿಂದಕ್ಕೆ ದಾಟುತ್ತ ಬರುತ್ತದೆ. ಹಿಂದಿನಿಂದ ಮುಂದಕ್ಕೆ ಹೋಗುವ ಕೂಗು ಒಂದೇ, ‘ಗಾಡಿ ಬಂತು!’. ಬಲಗೈ ಬೆನ್ನ ಹಿಂದೆ ಮಡಚಿ ಎಡಕ್ಕೆ ತೋರಿಸಿದರೆ ಬಲಗಡೆ ಏನೋ ನಿಂತಿದೆ, ಎಲ್ಲರೂ ಎಡಕ್ಕೆ ಸರಿಯಿರಿ ಎಂದು ಅರ್ಥ. ನಮ್ಮ ಹಳ್ಳಿ ರಸ್ತೆಗಳಲ್ಲಿ ಊರವರೇ ಹಾಕಿಕೊಂಡ ಹಂಪುಗಳಿಗೆ ಬಣ್ಣವೂ ಇಲ್ಲ, ಬೋರ್ಡೂ ಇಲ್ಲ. ಅಂಥ ಕಡೆ ಈ ಕೂಗಾಟವೇ ಬೋರ್ಡು.

ಹಂಪಿಗಿಂತ ದೊಡ್ಡ ಪರೀಕ್ಷೆ ಬರುವುದು ಸುಗ್ಗಿಯಲ್ಲಿ. ನವೆಂಬರ್‌ನಿಂದ ಜನವರಿ ತನಕ ದೊಡ್ಡಬಳ್ಳಾಪುರ, ನೆಲಮಂಗಲ, ಹೊಸಕೋಟೆಯ ಒಳರಸ್ತೆಗಳೇ ಕಣ. ರಾಗಿ, ಹುರುಳಿ, ಅವರೆ, ಏನು ಕಟಾವಾಯಿತೋ ಅದನ್ನು ಡಾಂಬರಿನ ಮೇಲೆ ಹರವಿ, ಹೋಗುವ ಬರುವ ಗಾಡಿಗಳ ಚಕ್ರದಿಂದ ಒಕ್ಕಣೆ ಮಾಡಿಸಿಕೊಳ್ಳುತ್ತಾರೆ. ಕಾರು ಹೋದರೆ ಕಾಳು ಉದುರುತ್ತದೆ. ಸೈಕಲ್ ಹೋದರೆ ಏನೂ ಉದುರುವುದಿಲ್ಲ, ಸೈಕಲ್ಲೇ ಉದುರುತ್ತದೆ. ಹುಲ್ಲಿನ ಕೆಳಗೆ ಗುಂಡಿ ಇದೆಯೋ, ಅಂಚಿಗೆ ಇಟ್ಟ ಸೈಜುಗಲ್ಲು ಇದೆಯೋ ಕಾಣದು. ಇಬ್ಬನಿಗೆ ನೆನೆದ ಹುರುಳಿ ಬಳ್ಳಿಯ ಮೇಲೆ ಸಣ್ಣ ಟೈರು ನಿಲ್ಲುವುದೇ ಇಲ್ಲ. ಅದನ್ನೂ ದಾಟಿದಿರಿ ಎನ್ನಿ, ಬಳ್ಳಿಯ ಒಂದು ಎಳೆ ಹಿಂದಿನ ಗೇರಿಗೆ ಸಿಕ್ಕಿತೋ, ಎರಡು ಸುತ್ತಿನೊಳಗೆ ಚೈನು, ಗೇರು, ಕಡ್ಡಿ ಎಲ್ಲ ಒಂದೇ ಗಂಟು.

ಮೇಳೆಕೋಟೆ ಕಡೆಯ ಒಂದು ರಸ್ತೆಯಲ್ಲಿ ನಮ್ಮ ಗುಂಪಿನ ಒಬ್ಬರಿಗೆ ಹೀಗೆಯೇ ಆಯಿತು. ಬ್ಯಾಂಕ್ ಅಧಿಕಾರಿ, ಸೈಕಲ್ಲನ್ನು ತಲೆಕೆಳಗು ಮಾಡಿ ನಿಲ್ಲಿಸಿ, ಕೈಗವಸು ಬಿಚ್ಚಿ, ಬಳ್ಳಿಯನ್ನು ಉಗುರಿನಿಂದ ಬಿಡಿಸುತ್ತ ಕೂತಿದ್ದರು. ಬಳ್ಳಿ ಹಸಿ, ಎಳೆದಷ್ಟೂ ಬಿಗಿಯುತ್ತದೆ. ಹುರುಳಿ ಹರವಿದ್ದ ಹೆಂಗಸು ಮೊರ ಕೆಳಗಿಟ್ಟು ಬಂದು ನೋಡಿದರು. ‘ಬಿಡಪ್ಪ, ಅದು ಹಂಗಲ್ಲ’ ಎಂದು ಸೊಂಟದ ಕುಡುಗೋಲು ತೆಗೆದು, ತುದಿಯನ್ನು ಹಲ್ಲುಗಳ ಸಂದಿಗೆ ಹಾಕಿ, ನಾಲ್ಕು ಕಡೆ ಕೊಯ್ದು, ಪೆಡಲನ್ನು ಹಿಂದಕ್ಕೆ ತಿರುಗಿಸು ಎಂದರು. ತಿರುಗಿಸಿದ್ದಕ್ಕೆ ಬಳ್ಳಿ ತುಂಡು ತುಂಡಾಗಿ ಉದುರಿತು. ಅದನ್ನೂ ಅವರು ಗುಡಿಸಿ ರಾಶಿಗೆ ಸೇರಿಸಿಕೊಂಡರು. ರಸ್ತೆಯಲ್ಲಿ ಒಕ್ಕಣೆ ಮಾಡಬಾರದು ಎಂದು ಪೊಲೀಸರು ಪ್ರತಿ ಸುಗ್ಗಿಯಲ್ಲೂ ಹೇಳುತ್ತಾರೆ, ಬೈಕಿನವರು ಬಿದ್ದು ಪೆಟ್ಟು ಮಾಡಿಕೊಂಡದ್ದೂ ಇದೆ. ಅಪಾಯ ಇಲ್ಲ ಎಂದು ನಾನು ವಾದಿಸುವುದಿಲ್ಲ. ಆದರೆ ಊರ ಮುಂದಿನ ಕಣಗಳು ಸೈಟುಗಳಾದ ಮೇಲೆ, ಒಕ್ಕಣೆಗೆ ಆಳು ಸಿಗದ ಮೇಲೆ, ರಾಗಿ ರಸ್ತೆಗೆ ಬಂತು ಎಂಬುದನ್ನು ವಾರಕ್ಕೊಮ್ಮೆ ಮೋಜಿಗೆ ಬರುವ ನಾವು ನೆನಪಿಟ್ಟುಕೊಳ್ಳಬೇಕು. ಇಳಿದು ಐವತ್ತು ಹೆಜ್ಜೆ ತಳ್ಳಿಕೊಂಡು ಹೋದರೆ ಕಳೆದುಕೊಳ್ಳುವುದು ಏನೂ ಇಲ್ಲ; ಮೊಬೈಲಿನ ಆ್ಯಪ್‌ನಲ್ಲಿ ಸರಾಸರಿ ವೇಗ ಚೂರು ಇಳಿಯುತ್ತದೆ, ಅಷ್ಟೆ.

ಇಷ್ಟೆಲ್ಲ ಒಗ್ಗಟ್ಟಿನಿಂದ ಬಂದ ಗುಂಪು ಬೆಟ್ಟದ ಬುಡದಲ್ಲಿ ಐದೇ ನಿಮಿಷಕ್ಕೆ ಚದುರಿಹೋಗುತ್ತದೆ. ಜಗಳ ಏನೂ ಇಲ್ಲ. ಗಾಳಿಯ ಲೆಕ್ಕ ಮುಗಿದು ತೂಕದ ಲೆಕ್ಕ ಶುರುವಾಗಿರುತ್ತದೆ.

ನಂದಿಬೆಟ್ಟದ ತುದಿ ಸಮುದ್ರಮಟ್ಟದಿಂದ 1,478 ಮೀಟರ್. ಬುಡದಿಂದ ಮೇಲಕ್ಕೆ ಏಳೆಂಟು ಕಿಲೋಮೀಟರ್ ದಾರಿಯಲ್ಲಿ ಏರಬೇಕಾದ ಎತ್ತರ ಸುಮಾರು 500 ಮೀಟರ್. ಅಂದರೆ ನೂರು ಮೀಟರ್ ಮುಂದೆ ಹೋದರೆ ಆರೇಳು ಮೀಟರ್ ಮೇಲಕ್ಕೆ. ಕೊನೆಕೊನೆಯ ತಿರುವುಗಳಲ್ಲಿ ಅದಕ್ಕಿಂತ ಕಡಿದು. ಇಲ್ಲಿ ವೇಗ ಗಂಟೆಗೆ ಏಳೆಂಟು ಕಿ.ಮೀ.ಗೆ ಇಳಿದಿರುತ್ತದೆ. ಆ ವೇಗದಲ್ಲಿ ಯಾರ ಬೆನ್ನ ಹಿಂದೆ ಅಡಗಿದರೂ ಲಾಭವಿಲ್ಲ. ಸವಾರ 70 ಕೆ.ಜಿ., ಸೈಕಲ್ಲು ಸಾಮಾನು ಸೇರಿ 10 ಕೆ.ಜಿ. ಎಂದಿಟ್ಟುಕೊಳ್ಳಿ. ಈ 80 ಕೆ.ಜಿ.ಯನ್ನು 500 ಮೀಟರ್ ಎತ್ತಲು ಬೇಕಾದ ಕೆಲಸ ಸುಮಾರು 3.9 ಲಕ್ಷ ಜೂಲ್. ಒಂದು ಗಂಟೆಯಲ್ಲಿ ಹತ್ತುವುದಾದರೆ ಕಾಲುಗಳು ಬಿಡುವಿಲ್ಲದೆ 110 ವ್ಯಾಟ್ ಕೊಡುತ್ತಲೇ ಇರಬೇಕು. ಅರ್ಧ ಗಂಟೆಯಲ್ಲಿ ಎಂದರೆ ಅದರ ಎರಡು ಪಟ್ಟು. ಮನುಷ್ಯನ ದೇಹ ತಿಂದದ್ದರಲ್ಲಿ ಕಾಲು ಭಾಗವನ್ನಷ್ಟೇ ಪೆಡಲಿಗೆ ಮುಟ್ಟಿಸುತ್ತದೆ, ಉಳಿದದ್ದು ಬಿಸಿಯಾಗಿ ಹೋಗುತ್ತದೆ. ಆ ಲೆಕ್ಕದಲ್ಲಿ ಒಂದು ಸಲ ಬೆಟ್ಟ ಹತ್ತಲು ಹತ್ತಿರಹತ್ತಿರ 400 ಕ್ಯಾಲೊರಿ ಬೇಕು, ಅಂದರೆ ಆರೇಳು ಇಡ್ಲಿ. ನಮ್ಮವರು ಇಳಿದು ಬಂದ ಮೇಲೆ ಎಷ್ಟು ಇಡ್ಲಿ, ಎಷ್ಟು ವಡೆ ತಿನ್ನುತ್ತಾರೆ ಎಂಬುದನ್ನು ಕಂಡವರಿಗೆ ಸೈಕಲ್ ತುಳಿದರೂ ಹೊಟ್ಟೆ ಯಾಕೆ ಕರಗಲಿಲ್ಲ ಎಂಬ ಪ್ರಶ್ನೆ ಉಳಿಯುವುದಿಲ್ಲ.

ಇದೇ ಲೆಕ್ಕ ಇನ್ನೊಂದು ಭ್ರಮೆಯನ್ನೂ ಬಿಡಿಸುತ್ತದೆ. ಸೈಕಲ್ಲಿನ ತೂಕ ಒಂದು ಕೆ.ಜಿ. ಇಳಿಸಲು ಹತ್ತಾರು ಸಾವಿರ ರೂಪಾಯಿ ಸುರಿದು ಕಾರ್ಬನ್ ಬಿಡಿಭಾಗ ತರಿಸುವವರಿದ್ದಾರೆ. ಎಂಬತ್ತರಲ್ಲಿ ಒಂದು ಕೆ.ಜಿ. ಕಳೆದರೆ ಒಂದು ಗಂಟೆಯ ಹತ್ತುವಿಕೆಯಲ್ಲಿ ಉಳಿಯುವುದು ಮುಕ್ಕಾಲು ನಿಮಿಷ. ಹಿಂದಿನ ರಾತ್ರಿ ಬಿರಿಯಾನಿ ಬಿಟ್ಟಿದ್ದರೆ ಅದು ಖರ್ಚಿಲ್ಲದೆ ಆಗುತ್ತಿತ್ತು.

ದುಡ್ಡು ಹಾಕಲೇಬೇಕಾದ ಜಾಗ ಗೇರು. ಹಳೆಯ ಅಟ್ಲಾಸ್, ಹೀರೋ ದೊಡ್ಡ ಸೈಕಲ್ಲುಗಳಲ್ಲಿ ಮುಂದಿನ ಹಲ್ಲುಚಕ್ರ ಹಿಂದಿನದಕ್ಕಿಂತ ಎರಡೂವರೆ ಪಟ್ಟು ದೊಡ್ಡದು. ಪೆಡಲು ಒಂದು ಸುತ್ತು ತಿರುಗಿದರೆ ಸೈಕಲ್ ಐದು ಮೀಟರಿಗೂ ಹೆಚ್ಚು ಮುಂದೆ ಹೋಗುತ್ತದೆ. ಬಯಲಿಗೆ ಅದು ಸೊಗಸು. ಏರಿನಲ್ಲಿ ಎದ್ದು ನಿಂತು ಇಡೀ ಮೈಭಾರ ಹಾಕಿದರೂ ಪೆಡಲು ಇಳಿಯದು. ಬೆಟ್ಟಕ್ಕೆಂದು ಮಾಡಿದ ಗೇರಿನಲ್ಲಿ ಮುಂದೆ 34, ಹಿಂದೆ 32 ಹಲ್ಲು ಇದ್ದರೆ ಒಂದು ಸುತ್ತಿಗೆ ಎರಡು ಮೀಟರಿಗಿಂತ ಸ್ವಲ್ಪ ಹೆಚ್ಚು ಮಾತ್ರ ಮುಂದೆ ಹೋಗುತ್ತೇವೆ. ಸುತ್ತು ಹೆಚ್ಚು, ಭಾರ ಕಡಿಮೆ. ಹೊಸಬರು ಮಾಡುವ ತಪ್ಪು ಏರು ಮೈಮೇಲೆ ಬಂದ ಮೇಲೆ ಗೇರು ಬದಲಿಸಲು ಹೋಗುವುದು. ಚೈನಿನ ಮೇಲೆ ಭಾರ ಬಿದ್ದಿರುವಾಗ ಅದು ಹಲ್ಲಿನಿಂದ ಹಲ್ಲಿಗೆ ನಯವಾಗಿ ಹಾರುವುದಿಲ್ಲ, ಕರಕರ ಎಂದು ಕಳಚಿಕೊಳ್ಳುತ್ತದೆ. ಏರು ಕಣ್ಣಿಗೆ ಬೀಳುತ್ತಿದ್ದ ಹಾಗೆ, ಕಾಲು ಹಗುರವಾಗಿರುವಾಗಲೇ ಬದಲಿಸಿಕೊಳ್ಳಬೇಕು.

ಒಳ್ಳೆಯ ಕ್ಲಬ್ಬು ಯಾವುದು, ಸುಮ್ಮನೆ ಜತೆಯಲ್ಲಿ ಹೊರಟ ಗುಂಪು ಯಾವುದು ಎಂದು ತಿಳಿಯಬೇಕಾದರೆ ಬೆಟ್ಟದ ತುದಿಯಲ್ಲಿ ನೋಡಬೇಕು. ಮೊದಲು ಮುಟ್ಟಿದವರು ಏನು ಮಾಡುತ್ತಾರೆ? ಫೋಟೊ ತೆಗೆದುಕೊಂಡು, ಟೀ ಕುಡಿದು, ಇಳಿದು ಮನೆಗೆ ಹೋದರೆ ಅದು ಕ್ಲಬ್ಬಲ್ಲ. ನಮ್ಮಲ್ಲಿ ಎರಡು ಹುದ್ದೆಗಳಿವೆ. ಮುಂದೆ ದಾರಿ ತೋರಿಸುವ ಲೀಡ್, ಎಲ್ಲರಿಗಿಂತ ಹಿಂದೆ ಬರುವ ಸ್ವೀಪ್. ಲೀಡ್ ಆಗಲು ದಾರಿ ಗೊತ್ತಿದ್ದರೆ ಸಾಕು. ಸ್ವೀಪ್ ಆಗಲು ಕಾಲಲ್ಲಿ ಬಲ ಬೇಕು, ಅದನ್ನು ತೋರಿಸದೆ ಇರುವ ಗುಣವೂ ಬೇಕು. ಕೊನೆಯ ಸವಾರ ಏದುಸಿರು ಬಿಡುತ್ತ ಇಳಿದು ತಳ್ಳಲು ಶುರುಮಾಡಿದರೆ ಸ್ವೀಪ್ ಕೂಡ ಇಳಿದು ತಳ್ಳಬೇಕು, ಇಳಿದದ್ದಕ್ಕೆ ತನಗೇ ಸುಸ್ತಾಯಿತು ಎಂದು ಸುಳ್ಳು ಹೇಳಬೇಕು. ನಾನು ಬಹಳ ಸಲ ಆ ಕೊನೆಯ ಸವಾರನ ಜಾಗದಲ್ಲೇ ಇದ್ದವನಾದ್ದರಿಂದ ಈ ಸುಳ್ಳಿನ ಬೆಲೆ ನನಗೆ ಗೊತ್ತು. ಯಾರನ್ನೂ ದಾರಿಯಲ್ಲಿ ಬಿಟ್ಟುಹೋಗದ ಸವಾರಿಗೆ ಕ್ಲಬ್ಬುಗಳು ‘ನೋ ಡ್ರಾಪ್ ರೈಡ್’ ಎನ್ನುತ್ತವೆ. ವಾಟ್ಸ್‌ಆ್ಯಪ್ ಸಂದೇಶದಲ್ಲಿ ಹಾಗೆ ಬರೆದು, ರಾಣಿ ಕ್ರಾಸ್ ದಾಟುವಷ್ಟರಲ್ಲಿ ಹಿಂದಿನವರನ್ನು ಮರೆಯುವ ಗುಂಪುಗಳೂ ಇವೆ.

ಯಾರನ್ನೂ ಬಿಟ್ಟುಹೋಗದ ಸವಾರಿಗೆ ತದ್ವಿರುದ್ಧವಾದ ಇನ್ನೊಂದು ಸಂಪ್ರದಾಯವೂ ಬೆಂಗಳೂರಿನಲ್ಲಿ ಬೇರು ಬಿಟ್ಟಿದೆ, ಗಡುವಿನೊಳಗೆ ಮುಗಿಸಬೇಕಾದ ದೂರದ ಸವಾರಿ, ಬ್ರೆವೆ. ಅದರ ನಿಯಮಗಳನ್ನು ನೋಡಿಕೊಳ್ಳುವ ಆಡಾಕ್ಸ್ ಕ್ಲಬ್ ಪ್ಯಾರಿಸಿಯನ್ ಹುಟ್ಟಿದ್ದು 1904ರಲ್ಲಿ. 200 ಕಿ.ಮೀ.ಯನ್ನು ಹದಿಮೂರೂವರೆ ಗಂಟೆಯೊಳಗೆ, 300ನ್ನು 20, 400ನ್ನು 27, 600ನ್ನು 40 ಗಂಟೆಯೊಳಗೆ ಮುಗಿಸಬೇಕು. ಮೊದಲು ಬಂದವರಿಗೆ ಬಹುಮಾನವಿಲ್ಲ, ಹಿಂದೆ ಸಹಾಯದ ಗಾಡಿಯೂ ಇಲ್ಲ. ನಾಲ್ಕನ್ನೂ ಒಂದೇ ಋತುವಿನಲ್ಲಿ ಮುಗಿಸಿದವರು ‘ಸೂಪರ್ ರಾಂಡೊನರ್’. ಅಲ್ಲಿ ಪಂಕ್ಚರ್ ನಿಮ್ಮದೇ, ನಿದ್ದೆಯೂ ನಿಮ್ಮದೇ. ಅದರ ಮೇಲೆ ನನಗೆ ಗೌರವವಿದೆ. ಆದರೆ ಅದು ಒಬ್ಬೊಬ್ಬರ ಹಟದ ಕತೆ. ಇನ್ನೊಂದು ಕಡೆ 2008ರಲ್ಲಿ ಶುರುವಾದ ಟೂರ್ ಆಫ್ ನೀಲಗಿರೀಸ್ ಇದೆ. ದಿನಗಟ್ಟಲೆ ನೂರಾರು ಕಿಲೋಮೀಟರ್ ತುಳಿದು ಘಟ್ಟ ಹತ್ತುವವರದು. ಭಾನುವಾರದ ಕ್ಲಬ್ಬು ಇವೆರಡಕ್ಕೂ ಅಂಗನವಾಡಿ ಇದ್ದ ಹಾಗೆ.

ಇಳಿಯುವಾಗ ಮತ್ತೆ ಎಚ್ಚರ ಬೇಕು, ಹತ್ತುವಾಗಿನದಕ್ಕಿಂತ ಹೆಚ್ಚು. ಕಷ್ಟಪಟ್ಟು ಸಂಪಾದಿಸಿದ ಆ 3.9 ಲಕ್ಷ ಜೂಲ್ ಈಗ ವೇಗವಾಗಬೇಕು, ಇಲ್ಲ ಬ್ರೇಕಿನ ಬಿಸಿಯಾಗಬೇಕು. ರಿಮ್ಮಿಗೆ ಒತ್ತುವ ಬ್ರೇಕಾದರೆ ಒಂದೇ ಸಮ ಹಿಡಿದುಕೊಂಡು ಬಂದಾಗ ರಿಮ್ ಕಾದು ಟ್ಯೂಬೇ ಸಿಡಿಯುವುದುಂಟು. ತಿರುವಿಗೆ ಮುಂಚೆ ಗಟ್ಟಿಯಾಗಿ ಹಿಡಿದು, ತಿರುವಿನೊಳಗೆ ಬಿಟ್ಟು, ನೇರ ದಾರಿಯಲ್ಲಿ ಆರಲು ಬಿಡಬೇಕು. ಎದುರಿಗೆ ಕಾರುಗಳು ಸಾಲುಗಟ್ಟಿ ಬರುತ್ತಿರುತ್ತವೆ. ಹೇರ್‌ಪಿನ್ ತಿರುವಿನಲ್ಲಿ ಅವು ಅಗಲವಾಗಿ ತಿರುಗಿಸಿ ನಮ್ಮ ಪಾಲಿನ ರಸ್ತೆಗೂ ಬರುತ್ತವೆ. ಮಳೆಗಾಲದಲ್ಲಿ ಬೆಟ್ಟವನ್ನೇ ನಂಬುವ ಹಾಗಿಲ್ಲ. 2021ರ ಆಗಸ್ಟ್‌ನಲ್ಲಿ ಒಂದೇ ರಾತ್ರಿಯ ಮಳೆಗೆ ಗುಡ್ಡ ಕುಸಿದು ರಸ್ತೆ ಕೊಚ್ಚಿಹೋಗಿ, ಡಿಸೆಂಬರ್ ತನಕ ಪ್ರವಾಸಿಗರಿಗೆ ಬಾಗಿಲು ಮುಚ್ಚಿತ್ತು.

ಕೆಳಗೆ ಟೀ ಅಂಗಡಿಯಲ್ಲಿ ಗುಂಪು ಮತ್ತೆ ಒಂದಾಗುತ್ತದೆ. ಅಲ್ಲಿ ತಪ್ಪದೆ ನಡೆಯುವ ಒಂದು ಮಾತುಕತೆ ಇದೆ.

‘ಸೈಕಲ್‌ಗೆ ಎಷ್ಟು ಕೊಟ್ರಿ ಸಾರ್?’ ಎಂದು ಬೆಂಚಿನ ಮೇಲೆ ಕೂತ ಹಿರಿಯರು ಕೇಳುತ್ತಾರೆ. ನಮ್ಮವರು ನಿಜವಾದ ಬೆಲೆಯಲ್ಲಿ ಅರ್ಧ ಹೇಳುತ್ತಾರೆ. ಅದೇ ಅವರಿಗೆ ಹೆಚ್ಚಾಗಿರುತ್ತದೆ.

‘ಕ್ಯಾರಿಯರ್ ಇಲ್ಲ, ಸ್ಟ್ಯಾಂಡ್ ಇಲ್ಲ, ಮಡ್‌ಗಾರ್ಡೂ ಇಲ್ಲ. ಆ ದುಡ್ಡಿಗೆ ಒಂದು ಸೀಮೆ ಹಸ ಬರ್ತಿತ್ತಲ್ಲ ಸ್ವಾಮಿ!’

ಈ ಮಾತಿಗೆ ನಗುವುದು ಸುಲಭ. ಆದರೆ ಆ ಹಿರಿಯರು ಸೈಕಲ್ಲನ್ನು ನಮಗಿಂತ ಚೆನ್ನಾಗಿ ಬಲ್ಲವರು. ಕ್ಯಾರಿಯರ್ ಇಲ್ಲದ ಸೈಕಲ್ಲಿನಲ್ಲಿ ಡೇರಿಗೆ ಹಾಲಿನ ಕ್ಯಾನು ಒಯ್ಯಲಾಗದು, ರಾಗಿ ಮೂಟೆ ಮಿಲ್ಲಿಗೆ ಒಯ್ಯಲಾಗದು, ಹೆಂಡತಿ ಮಕ್ಕಳನ್ನು ಜಾತ್ರೆಗೆ ಕರೆದೊಯ್ಯಲಾಗದು. ಸೈಕಲ್ಲಿಗೆ ತೆರಿಗೆ ಕಟ್ಟಿ ಬಿಲ್ಲೆ ಹಾಕಿಸಿಕೊಳ್ಳಬೇಕಿದ್ದ ಕಾಲ, ದೀಪವಿಲ್ಲದೆ ಹೋದರೆ ಪೊಲೀಸರು ಗಾಳಿ ಬಿಡುತ್ತಿದ್ದ ಕಾಲ, ಗಂಟೆಯ ಲೆಕ್ಕಕ್ಕೆ ಬಾಡಿಗೆ ಸೈಕಲ್ ಸಿಗುತ್ತಿದ್ದ ಕಾಲ ಅವರದು. ಬೆಂಗಳೂರಿನಲ್ಲೂ ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್ ಕಾರ್ಖಾನೆಗಳ ಪಾಳಿ ಬದಲಾಗುವ ಹೊತ್ತಿಗೆ ರಸ್ತೆ ತುಂಬ ಸೈಕಲ್ಲು. ಅವರಿಗೆ ಅದು ವ್ಯಾಯಾಮವಲ್ಲ, ಸಂಬಳಕ್ಕೆ ಹೋಗುವ ದಾರಿ. ಅಟ್ಲಾಸ್ ಕಂಪನಿ ಸಾಹಿಬಾಬಾದಿನ ಕಾರ್ಖಾನೆಗೆ ಬಾಗಿಲು ಹಾಕಿದ್ದು 2020ರ ಜೂನ್ 3ರಂದು. ಅಂದು ವಿಶ್ವ ಬೈಸಿಕಲ್ ದಿನ. ಇಂಥದ್ದನ್ನು ಕತೆಗಾರ ಬರೆದಿದ್ದರೆ ಅತಿಯಾಯಿತು ಎನ್ನುತ್ತಿದ್ದೆವು.

ಹಳ್ಳಿಯ ಮಕ್ಕಳಿಗೂ ಸೈಕಲ್ ಹೊಸದಲ್ಲ. ಸರ್ಕಾರ ಎಂಟನೇ ತರಗತಿಯವರಿಗೆ ಸೈಕಲ್ ಕೊಡಲು ಶುರುಮಾಡಿದ್ದು 2006–07ರಲ್ಲಿ. ಕೋವಿಡ್ ಬಂದ ಮೇಲೆ ಅದು ನಿಂತಿತು. ಆ ಸೈಕಲ್ಲಿನಲ್ಲಿ ಹೈಸ್ಕೂಲು ಮುಗಿಸಿದ ಹೆಣ್ಣುಮಕ್ಕಳು ದೊಡ್ಡಬಳ್ಳಾಪುರದ ಗಾರ್ಮೆಂಟ್ಸ್‌ನಲ್ಲಿ, ಮಗ್ಗದ ಮನೆಗಳಲ್ಲಿ ಕೆಲಸಕ್ಕಿದ್ದಾರೆ. ನಮ್ಮ ಗುಂಪಿನಲ್ಲಿ ಅಂಥವರು ಒಬ್ಬರೂ ಇಲ್ಲ. ದಾರಿಯ ಊರುಗಳವರೇ ಸದಸ್ಯರಾಗಿರುವ ಕ್ಲಬ್ಬನ್ನು ನಾನಿನ್ನೂ ಕಂಡಿಲ್ಲ. ಇದು ನಮ್ಮ ಹವ್ಯಾಸದ ದೊಡ್ಡ ಕೊರತೆ. ಹೆಲ್ಮೆಟ್ಟಿನ ಬೆಲೆಯಿಂದ ಹಿಡಿದು ಸಂದೇಶಗಳ ಇಂಗ್ಲಿಷಿನ ತನಕ ಎಲ್ಲದರಲ್ಲೂ ಅದು ಕಾಣುತ್ತದೆ.

ಕ್ಲಬ್ಬು ಎಂದರೆ ಸದಸ್ಯರ ಸುಖಕ್ಕೆ ಮಾತ್ರ ಇರಬೇಕೆಂದಿಲ್ಲ. ಇಂಗ್ಲೆಂಡಿನಲ್ಲಿ 1878ರಲ್ಲಿ ಹುಟ್ಟಿದ ಸೈಕಲ್ ಪ್ರವಾಸಿಗಳ ಕ್ಲಬ್ಬು ಕಡಿದಾದ ಇಳಿಜಾರುಗಳ ನೆತ್ತಿಯಲ್ಲಿ ತನ್ನ ಖರ್ಚಿನಲ್ಲೇ ಅಪಾಯದ ಫಲಕ ನಿಲ್ಲಿಸಿತು. ಮೋಟಾರು ಗಾಡಿಗಳು ರಸ್ತೆಗೆ ಇಳಿಯುವ ಮುಂಚಿನ ಮಾತು ಅದು. ಅಮೆರಿಕದಲ್ಲಿ ಒಳ್ಳೆಯ ರಸ್ತೆಗಾಗಿ ಮೊದಲು ಚಳವಳಿ ಹೂಡಿದವರಲ್ಲಿ 1880ರಲ್ಲಿ ಕಟ್ಟಿಕೊಂಡ ಸೈಕಲ್ ಸವಾರರ ಸಂಘದವರೂ ಇದ್ದರು. ದೊಡ್ಡಬಳ್ಳಾಪುರದ ಒಳರಸ್ತೆಯಲ್ಲಿ ಯಾವ ಹಂಪಿಗೆ ಬಣ್ಣವಿಲ್ಲ, ಯಾವ ಮೋರಿಯ ಅಂಚು ಕುಸಿದಿದೆ, ಯಾವ ತಿರುವಿನಲ್ಲಿ ಜಲ್ಲಿ ಲಾರಿ ಚೆಲ್ಲಿದ ಪುಡಿ ಸದಾ ಬಿದ್ದಿರುತ್ತದೆ ಎಂಬುದು ನಮಗೆ ವಾರವಾರವೂ ಗೊತ್ತಾಗುತ್ತದೆ. ಅದನ್ನು ಬರೆದು ಗ್ರಾಮ ಪಂಚಾಯಿತಿಗೆ ಕೊಡುವುದಕ್ಕೆ ಕಾರ್ಬನ್ ಸೈಕಲ್ ಬೇಕಿಲ್ಲ. ಒಂದು ಹಂಪಿಗೆ ಬಿಳಿ ಪಟ್ಟೆ ಬಿದ್ದರೆ ಹಾಲಿನ ಕ್ಯಾನು ಕಟ್ಟಿಕೊಂಡು ಕತ್ತಲಲ್ಲಿ ಬರುವ ಬೈಕಿನವನೂ ಬದುಕಿಕೊಳ್ಳುತ್ತಾನೆ.

ಈಗ ಬೆಟ್ಟದ ಆಯ್ಕೆಗೆ ಬರೋಣ. ನನ್ನನ್ನು ಕೇಳಿದರೆ ಭಾನುವಾರ ನಂದಿಗೆ ಹೋಗಲೇಬಾರದು. ಸೂರ್ಯೋದಯಕ್ಕೆಂದು ಬರುವ ಕಾರು, ಬೈಕುಗಳ ಹೊಗೆಯಲ್ಲಿ ದಮ್ಮು ಎಳೆಯುವುದು ಯಾವ ಆರೋಗ್ಯಕ್ಕೆ? 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲೆ ಬಳ್ಳಾರಿ ರಸ್ತೆಯಲ್ಲಿ ಬೆಳಗಿನ ನಾಲ್ಕಕ್ಕೂ ಟ್ಯಾಕ್ಸಿಗಳ ಓಟ. ಸರ್ವಿಸ್ ರಸ್ತೆ ಬಿಟ್ಟು ಸೈಕಲ್ ಅತ್ತಿತ್ತ ಸರಿಯುವ ಹಾಗಿಲ್ಲ. ಹೋಗಲೇಬೇಕೆಂದರೆ ವಾರದ ದಿನ ಹೋಗಿ, ದೇವನಹಳ್ಳಿಯ ಕೋಟೆ ಮುಂದೆ ಒಂದು ಗಳಿಗೆ ನಿಂತು, ಆವತಿಯ ಮೇಲೆ ಹಾಯ್ದು ಹೋಗಿ. ಕೆಂಪೇಗೌಡರ ವಂಶದ ಮೂಲದವರು ಬಂದು ನೆಲೆಸಿದ ಊರು ಆವತಿ ಎಂಬುದು ಪ್ರತೀತಿ. ಅಲ್ಲೊಂದು ಪುಟ್ಟ ಹಳೆಯ ರೈಲು ನಿಲ್ದಾಣವೂ ಇದೆ. ಚಕ್ಕೋತದ ಮರಗಳು ಅಲ್ಲಲ್ಲಿ ಉಳಿದಿವೆ. ದೇವನಹಳ್ಳಿ ಚಕ್ಕೋತಕ್ಕೆ, ಬೆಂಗಳೂರು ನೀಲಿ ದ್ರಾಕ್ಷಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಆದರೆ ಮಾನ್ಯತೆ ಸಿಕ್ಕ ತೋಟಗಳ ಪಕ್ಕದಲ್ಲೇ ಲೇಔಟಿನ ಕಮಾನುಗಳು ಎದ್ದಿವೆ. ಚನ್ನರಾಯಪಟ್ಟಣ ಹೋಬಳಿಯಲ್ಲಿ ಕೈಗಾರಿಕೆಗೆಂದು ಗುರುತಿಸಿದ್ದ 1,777 ಎಕರೆಯನ್ನು ಸರ್ಕಾರ ಕೈಬಿಟ್ಟದ್ದು ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತ ಮೇಲೆ, 2025ರ ಜುಲೈಯಲ್ಲಿ. ಆ ಹೋಬಳಿಯ ರಸ್ತೆಗಳಲ್ಲಿ ತುಳಿಯುವಾಗ ಎರಡೂ ಬದಿ ಕಾಣುವ ಹಸಿರು ತಾನಾಗಿ ಉಳಿದದ್ದಲ್ಲ.

ನನ್ನ ಮೆಚ್ಚಿನ ದಾರಿ ಬೇರೆ. ಯಲಹಂಕದಿಂದ ರಾಜಾನುಕುಂಟೆ ದಾಟಿ ದೊಡ್ಡಬಳ್ಳಾಪುರ. ಅಲ್ಲಿಂದ ಮಾಕಳಿ, ಘಾಟಿ ಸುಬ್ರಹ್ಮಣ್ಯ. ಇಲ್ಲಿ ಏರು ಒಂದೇ ಸಮ ಬರುವುದಿಲ್ಲ. ಸಣ್ಣ ದಿಬ್ಬ, ಸಣ್ಣ ಇಳಿಜಾರು, ಮತ್ತೆ ದಿಬ್ಬ. ಹಾಗಾಗಿ ಗುಂಪು ಚದುರಿದರೂ ಮುಂದಿನ ಇಳಿಜಾರಿನಲ್ಲಿ ಕೂಡಿಕೊಳ್ಳುತ್ತದೆ. ಒಂದು ಮಗ್ಗುಲಲ್ಲಿ ಮಾಕಳಿದುರ್ಗದ ಬಂಡೆ, ಅದರ ಬುಡದಲ್ಲಿ ಹಾದುಹೋಗುವ ರೈಲು ಹಳಿ, ಸ್ವಲ್ಪ ಆಚೆ ಗುಂಡಮಗೆರೆ ಕೆರೆ. ಕಾಲಲ್ಲಿ ಇನ್ನೂ ಕಸುವಿದ್ದರೆ ಹುಲುಕುಡಿ ಬೆಟ್ಟದ ಕಡೆಗೂ ಒಂದು ಸುತ್ತು ಹಾಕಬಹುದು. ವಾಪಸ್ ಬರುವಾಗ ಹೆಸರಘಟ್ಟದ ಮೇಲೆ ಬಂದರೆ ಅರ್ಕಾವತಿಯ ಜಾಡು ಹಿಡಿದ ಹಾಗಾಗುತ್ತದೆ. ನಂದಿಯಲ್ಲಿ ಹುಟ್ಟಿ, ದೊಡ್ಡಬಳ್ಳಾಪುರದ ನಾಗರಕೆರೆ ತುಂಬಿ, 1894ರಲ್ಲಿ ಕಟ್ಟಿದ ಹೆಸರಘಟ್ಟದ ಕೆರೆಗೆ ಬರಬೇಕಾದ ಹೊಳೆ. ಹೊಳೆ ಎಲ್ಲಿದೆ ಎಂದು ಹುಡುಕಿದರೆ ನೀಲಗಿರಿ ತೋಪು ಸಿಗುತ್ತದೆ.

ನೆಲಮಂಗಲದ ಕಡೆ ಶಿವಗಂಗೆ ಇದೆ. ಕಲ್ಲಿನ ಬೆಟ್ಟ, ಸೈಕಲ್ ಬುಡದವರೆಗೆ ಮಾತ್ರ, ಮೇಲಕ್ಕೆ ಮೆಟ್ಟಿಲು. ತುಮಕೂರು ಹೆದ್ದಾರಿಯಲ್ಲಿ ಹೋಗುವ ಸಾಹಸ ಬೇಡ, ಒಳದಾರಿ ಹಿಡಿಯಿರಿ. ದೊಡ್ಡಬಳ್ಳಾಪುರದಿಂದ ನೆಲಮಂಗಲಕ್ಕೆ ಹಾಯುವುದಾದರೆ ಶನಿವಾರ ಬಿಟ್ಟು ಹೋಗಿ. ಚಿಕ್ಕಮಧುರೆಯ ಶನಿಮಹಾತ್ಮನ ದರ್ಶನಕ್ಕೆ ಬರುವವರಿಂದ ಅಂದು ರಸ್ತೆ ತುಂಬಿರುತ್ತದೆ. ಹೊಸಕೋಟೆಯ ಕಡೆ ಬೆಟ್ಟ ಕಡಿಮೆ. ಕೆರೆ ಏರಿ, ಹಕ್ಕಿ, ಬಯಲು; ಏರು ಬೇಕೆಂದರೆ ಜಿಲ್ಲೆ ದಾಟಿ ಕೈವಾರಕ್ಕೋ ಕೋಲಾರದ ಅಂತರಗಂಗೆಗೋ ಹೋಗಬೇಕು. ಬೆಳಗಿನ ನಾಲ್ಕಕ್ಕೇ ಸಾಲು ನಿಲ್ಲುವ ಹೊಸಕೋಟೆ ದಮ್ ಬಿರಿಯಾನಿಯ ಆಸೆಗೆ ಆ ಕಡೆ ಹೊರಡುವವರೂ ಇದ್ದಾರೆ. ತಿಂದ ಮೇಲೆ ಮುಂದಕ್ಕೆ ತುಳಿದವರನ್ನು ನಾನು ನೋಡಿಲ್ಲ.

ಕಾಲ ನೋಡುವುದಾದರೆ ಅಕ್ಟೋಬರ್‌ನಿಂದ ಫೆಬ್ರುವರಿ ಹಿತ. ಮಾರ್ಚ್ ನಂತರ ಒಂಬತ್ತಕ್ಕೆಲ್ಲ ಡಾಂಬರು ಕಾದಿರುತ್ತದೆ. ಡಿಸೆಂಬರ್, ಜನವರಿಯಲ್ಲಿ ಮಂಜು ಇಳಿಯುವುದರಿಂದ ಹಿಂದಿನ ಕೆಂಪು ದೀಪ ಏಳೂವರೆ ತನಕ ಉರಿಯುತ್ತಲೇ ಇರಬೇಕು. ಅದೇ ಹೊತ್ತಿಗೆ ಘಾಟಿಯ ದನಗಳ ಜಾತ್ರೆ, ಪುಷ್ಯ ಶುದ್ಧ ಷಷ್ಠಿಗೆ ತೇರು. ಆ ದಿನಗಳಲ್ಲಿ ಜೋಡೆತ್ತುಗಳು ಸಾಲುಸಾಲಾಗಿ ರಸ್ತೆಯಲ್ಲೇ ಬರುತ್ತವೆ. ಬೆಲ್ ಹೊಡೆಯುತ್ತ ನುಗ್ಗಬೇಡಿ, ತುಳಿಯುವುದನ್ನು ನಿಲ್ಲಿಸಿ ಚಕ್ರ ಸುಮ್ಮನೆ ಉರುಳಲೂ ಬಿಡಬೇಡಿ. ದುಬಾರಿ ಫ್ರೀವೀಲುಗಳ ಟಿಕಟಿಕ ಸದ್ದು ಎತ್ತುಗಳಿಗೆ ಹಿಡಿಸುವುದಿಲ್ಲ, ಬೆದರಿ ಹಗ್ಗ ಜಗ್ಗುತ್ತವೆ. ಇಳಿದು ಅಂಚಿಗೆ ನಿಂತು, ಅವು ದಾಟಿದ ಮೇಲೆ ಹೊರಡಿ.